ಇಪ್ಪತ್ತೆರಡು ಮುಕ್ಕಾಲು

ನಮ್ಮೂರ ಪುರಸಭೆಯ ಜವಾನನಿಗೂ ಗೊತ್ತಿದ್ದ ಒಂದು ಸಂಗತಿ ನನಗೆ ಗೊತ್ತಿರಲಿಲ್ಲ. ಅದರಿಂದಾಗಿ ಒಬ್ಬ ಹೆಣ್ಣುಮಗಳು ಚುನಾವಣೆಯಲ್ಲಿ ಸೋತರು. ಅವರ ಮಗಳು ಶಾಲೆಯಲ್ಲಿ ಒಂದು ಅಡ್ಡಹೆಸರು ಹೊತ್ತುಕೊಂಡು ತಿರುಗಿದಳು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಬರೆಯಲಾಗದೆ ಎದ್ದಿದ್ದೇನೆ. 2025ರಲ್ಲಿ ಪುರಸಭೆಯ ಸಾಲಿನಲ್ಲಿ ಒಂದು ದಿನ ನಿಂತು ಬಂದ ಮೇಲೆ, ಇನ್ನು ಮುಂದೂಡುವುದು ಬೇಡ ಅನ್ನಿಸಿತು.

ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು. 2010ರಲ್ಲಿ ನಿವೃತ್ತಿಯಾಗಿ ಊರಿಗೆ ಬಂದು, ಅಪ್ಪ ಕಟ್ಟಿದ ಮನೆಯ ಮೇಲೆ ಒಂದು ಅಂತಸ್ತು ಏರಿಸಿ ನೆಲೆಯಾದೆ. ಬಯಲುಸೀಮೆಯ ಊರು, 23 ವಾರ್ಡು, ಒಂದು ಕೆರೆ, ಒಂದು ಬಸ್ ನಿಲ್ದಾಣ. ಮನೆ ಕಂದಾಯವನ್ನು ಪ್ರತಿ ಏಪ್ರಿಲ್‌ನಲ್ಲಿ, ಶೇ. 5ರ ರಿಯಾಯಿತಿ ಸಿಗುವ ಮೊದಲ ತಿಂಗಳಲ್ಲೇ ಕಟ್ಟಿಬಿಡುತ್ತಿದ್ದೆ. ಜೂನ್ ದಾಟಿದರೆ ತಿಂಗಳಿಗೆ ಶೇ. 2ರಂತೆ ದಂಡ. ದಂಡ ಕಟ್ಟುವ ಮನುಷ್ಯ ನಾನಲ್ಲ ಎಂಬ ಒಂದು ಹೆಮ್ಮೆ ನನಗಿತ್ತು. ರಸೀದಿ ಮನೆಗೆ ತಂದು, ಮೂಲ ತೆರಿಗೆ ಎಷ್ಟು, ಅದರ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಸರಿಯಾಗಿ ಹಾಕಿದ್ದಾರೆಯೇ ಎಂದು ಗುಣಿಸಿ ನೋಡಿ ಫೈಲಿಗೆ ಸೇರಿಸುತ್ತಿದ್ದೆ. ನಮ್ಮ ಕೇರಿಯಲ್ಲಿ ಹಾಗೆ ಮಾಡುತ್ತಿದ್ದವನು ನಾನೊಬ್ಬನೇ ಇರಬೇಕು. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನನಗೆ ಇಷ್ಟವಿತ್ತು.

2011-12ರಲ್ಲಿ ಕಂದಾಯ ಏರಿಸುವ ಮಾತು ಬಂತು. ಕರ್ನಾಟಕ ಪುರಸಭೆಗಳ ಕಾಯ್ದೆ 1964ರದ್ದು. ಆಗ ಅದರಲ್ಲಿದ್ದ ನಿಯಮದ ಪ್ರಕಾರ ಮೂರು ವರ್ಷಕ್ಕೊಮ್ಮೆ ಆಸ್ತಿ ತೆರಿಗೆಯನ್ನು ಕನಿಷ್ಠ ಶೇ. 15, ಗರಿಷ್ಠ ಶೇ. 30ರವರೆಗೆ ಹೆಚ್ಚಿಸಬೇಕು. ನಮ್ಮ ಕೌನ್ಸಿಲ್ ಶೇ. 30 ಮಾಡಲು ಹೊರಟಿತ್ತು. ಬೀದಿದೀಪ ಉರಿಯುವುದಿಲ್ಲ, ನಲ್ಲಿಯಲ್ಲಿ ನೀರು ಬರುವುದು ವಾರಕ್ಕೆರಡು ದಿನ, ಶೇ. 30 ಯಾವ ಪುರುಷಾರ್ಥಕ್ಕೆ? ನಮ್ಮ ವಾರ್ಡಿನ ಹತ್ತು ಹನ್ನೆರಡು ಮಂದಿ ಸೇರಿ ತೆರಿಗೆದಾರರ ವೇದಿಕೆಯೊಂದನ್ನು ಕಟ್ಟಿದೆವು. ನಿವೃತ್ತ ಉಪನ್ಯಾಸಕರೊಬ್ಬರು, ಔಷಧಿ ಅಂಗಡಿಯವರು, ಇಬ್ಬರು ವಕೀಲರು, ಅಡಿಕೆ ಮಂಡಿಯವರು. ಎಲ್ಲರೂ ಮನೆ ಉಳ್ಳವರು. ಲೆಕ್ಕ ಬಲ್ಲವನು ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು.

ಆ ಕೆಲಸವನ್ನು ನಾನು ಪ್ರೀತಿಯಿಂದಲೇ ಮಾಡಿದೆ, ಅದರಲ್ಲಿ ಸುಳ್ಳಿಲ್ಲ. 2002ರಲ್ಲಿ ಬೆಂಗಳೂರಿನಲ್ಲಿ ನಾಗರಿಕ ಸಂಘಟನೆಗಳು ಸೇರಿ, ಮಹಾನಗರ ಪಾಲಿಕೆ ತನ್ನ ಜಮಾ ಖರ್ಚನ್ನು ಮೂರು ತಿಂಗಳಿಗೊಮ್ಮೆ ಜನರ ಮುಂದಿಡಬೇಕೆಂದು ‘ಪ್ರೂಫ್’ ಎಂಬ ಅಭಿಯಾನ ನಡೆಸಿದ್ದವು. ಅದನ್ನು ಪತ್ರಿಕೆಯಲ್ಲಿ ಓದಿದಾಗಿನಿಂದ ನಮ್ಮಂಥ ಸಣ್ಣ ಊರಿನಲ್ಲೂ ಇದು ಯಾಕಾಗಬಾರದು ಎಂಬ ಆಸೆ ನನ್ನಲ್ಲಿತ್ತು. ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಎತ್ತಿದ ಘೋಷಣೆಯೂ ಮನಸ್ಸಿನಲ್ಲಿ ಕೂತಿತ್ತು: ನಮ್ಮ ದುಡ್ಡು, ನಮ್ಮ ಲೆಕ್ಕ. ಅದನ್ನೇ ವೇದಿಕೆಯ ಪ್ರತಿ ಕಾಗದದ ನೆತ್ತಿಯ ಮೇಲೆ ಅಚ್ಚು ಹಾಕಿಸಿದೆ.

ಮೊದಲ ಗೆಲುವು ಬೇಗ ಸಿಕ್ಕಿತು. ಧರಣಿ ಕೂತೆವು, ಪತ್ರಿಕೆಯಲ್ಲಿ ಫೋಟೋ ಬಂತು, ಕೌನ್ಸಿಲ್ ಶೇ. 30ರಿಂದ ಶೇ. 15ಕ್ಕೆ ಇಳಿಯಿತು. ಆ ಸಂಜೆ ನಮ್ಮ ಮನೆಯಲ್ಲಿ ಕೇಸರಿಬಾತು ಮಾಡಿ ಎಲ್ಲರಿಗೂ ಹಂಚಿದೆವು. ಶೇ. 30 ಬಂದಿದ್ದರೆ ಆ ದುಡ್ಡು ಯಾವ ಖರ್ಚಿಗೆ ಹೋಗುತ್ತಿತ್ತು ಎಂದು ಅವತ್ತು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಗೆದ್ದ ಹುಮ್ಮಸ್ಸಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಹಿಂದಿನ ಮೂರು ಸಾಲುಗಳ ವಾರ್ಡುವಾರು ಕಾಮಗಾರಿಗಳ ವಿವರ ಕೇಳಿದೆ. ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿಸಿಕೊಂಡು, ಮೂವತ್ತು ದಿನದೊಳಗೇ ಒಂದು ಕಟ್ಟು ಕೊಟ್ಟರು. ಕೊಡುವುದಿಲ್ಲ ಎಂದು ಜಗಳ ತೆಗೆಯುತ್ತಾರೆ, ಮೇಲ್ಮನವಿಗೆ ಹೋಗೋಣ ಎಂದು ಸಿದ್ಧನಾಗಿದ್ದವನಿಗೆ ಅಷ್ಟು ಸಲೀಸಾಗಿ ಸಿಕ್ಕಿದ್ದೇ ಅನುಮಾನಕ್ಕೆ ಕಾರಣವಾಯಿತು.

ಮಹಡಿಯ ಕೋಣೆಯಲ್ಲಿ ಎರಡು ವಾರ ಕೂತು ಆ ಕಾಗದಗಳನ್ನು ಓದಿದೆ. ಕ್ರಮಸಂಖ್ಯೆ, ಕಾಮಗಾರಿಯ ಹೆಸರು, ವಾರ್ಡು, ಅಂದಾಜು ಮೊತ್ತ, ಪಾವತಿಸಿದ ಮೊತ್ತ, ಷರಾ. ನಮ್ಮ 9ನೇ ವಾರ್ಡಿನ ಮನೆಗಳ ಕಂದಾಯವನ್ನೂ ಊರಾಚೆಯ 17ನೇ ವಾರ್ಡಿನ ಕಂದಾಯವನ್ನೂ ಪಕ್ಕಪಕ್ಕ ಬರೆದೆ. 17ರಿಂದ ಬರುತ್ತಿದ್ದುದು ಸೊನ್ನೆಯೇ ಎನ್ನಬಹುದು. ಅಲ್ಲಿ ಆಗಿದ್ದ ಕೆಲಸ ಮಾತ್ರ ನಮ್ಮ ವಾರ್ಡಿಗಿಂತ ಹೆಚ್ಚು: ಚರಂಡಿ, ಸಿಮೆಂಟ್ ರಸ್ತೆ, ಕಿರು ನೀರು ಸರಬರಾಜಿನ ಟ್ಯಾಂಕು. ನನ್ನ ಎದೆ ಉರಿಯಿತು. ಆಮೇಲೆ ಕಣ್ಣು ಷರಾದ ಮೇಲೆ ಬಿತ್ತು. ಬೇರೆ ವಾರ್ಡುಗಳ ಮುಂದೆ ‘ಪೂರ್ಣಗೊಂಡಿದೆ’ ಎಂದಿದ್ದರೆ, 17ನೇ ವಾರ್ಡಿನ ಕೆಲಸಗಳ ಮುಂದೆ ‘ಶೇ. 22.75’ ಎಂದು ಮಾತ್ರ ಬರೆದಿತ್ತು. ಪಾವತಿ ಪೂರ್ತಿ.

ಕೆಲಸ ಶೇ. 22.75 ಆಗಿದೆ, ಬಿಲ್ಲು ನೂರಕ್ಕೆ ನೂರು ಕೊಟ್ಟಿದ್ದಾರೆ. ನಾನು ಓದಿಕೊಂಡಿದ್ದು ಹೀಗೆ.

ಐದು ಬೇರೆ ಬೇರೆ ಕಾಮಗಾರಿಗಳು ಒಂದೇ ಅಂಕಿಗೆ ಬಂದು ನಿಲ್ಲುವುದುಂಟೇ? ಕೌಂಟರಿನಲ್ಲಿ ಕೂತಿದ್ದಾಗ ಐದು ಖಾತೆಗಳಲ್ಲಿ ಪೈಸೆ ಸಮೇತ ಒಂದೇ ಮೊತ್ತ ಕಂಡಿದ್ದರೆ ಪೆನ್ನು ಕೆಳಗಿಟ್ಟು ಎದ್ದುಹೋಗಿ ವಿಚಾರಿಸುತ್ತಿದ್ದೆ. ಇಲ್ಲಿ ಆ ಎಚ್ಚರ ಬರಲಿಲ್ಲ. ಬರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಬಂದಿತ್ತು, ಒಂದು ಕ್ಷಣ. ಎಲ್ಲ ಕಾಮಗಾರಿಯನ್ನೂ ಕಾಲುಭಾಗಕ್ಕಿಂತ ಒಂದಿಷ್ಟು ಕಮ್ಮಿ ಮಾಡಿ ಉಳಿದದ್ದನ್ನು ನುಂಗುವುದು ಇವರ ಪದ್ಧತಿಯಿರಬೇಕು ಎಂದು ನಾನೇ ಅದರ ಬಾಯಿ ಮುಚ್ಚಿಸಿದೆ. ಪುರಸಭೆಗೆ ಮನೆಯಿಂದ ಹತ್ತು ನಿಮಿಷದ ದಾರಿ. ಹೋಗಿ ಮುಖ್ಯಾಧಿಕಾರಿಯನ್ನೋ ಇಂಜಿನಿಯರನ್ನೋ ‘ಇದೇನು’ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಎಚ್ಚೆತ್ತು ದಾಖಲೆ ತಿದ್ದಿಬಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

17ನೇ ವಾರ್ಡಿನ ಸದಸ್ಯೆಯನ್ನು ನಾನು ಒಂದೆರಡು ಸಲ ನೋಡಿದ್ದೆ. ಮನೆಯಲ್ಲಿ ಹೊಲಿಗೆ ಮಾಡಿಕೊಂಡಿದ್ದವರು, 2007ರ ಚುನಾವಣೆಯಲ್ಲಿ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಸೀಟಿನಿಂದ ಗೆದ್ದು ಬಂದವರು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಇಲ್ಲದಿದ್ದರೆ ಆ ಸಭಾಂಗಣದ ಒಳಗೆ ಅವರಿಗೆ ಕುರ್ಚಿಯೇ ಸಿಗುತ್ತಿರಲಿಲ್ಲ. ಸಭೆಗಳಲ್ಲಿ ಮಾತು ಕಡಿಮೆ, ತಮ್ಮ ವಾರ್ಡಿನ ಕೆಲಸ ಬಂದಾಗ ಮಾತ್ರ ಎದ್ದು ನಿಲ್ಲುತ್ತಿದ್ದರು. ನಾನು ಕಾಗದ ಹಿಡಿದು ಓಡಾಡುವ ಸುದ್ದಿ ಅವರ ಕಿವಿಗೂ ಬಿದ್ದು, ಒಂದು ದಿನ ಪುರಸಭೆಯ ಮೆಟ್ಟಿಲ ಬಳಿ ನಿಲ್ಲಿಸಿ ಹೇಳಿದರು.

“ಸಾರ್, ಅದು ಕೆಲಸದ ಲೆಕ್ಕ ಅಲ್ಲ. ಅದು ದುಡ್ಡಿನ ಹೆಸರು.”

“ಏನಿದ್ದರೂ ಬರಹದಲ್ಲಿ ಕೊಡಿ ಮೇಡಂ” ಎಂದು ಹೇಳಿ ನಾನು ಮೆಟ್ಟಿಲಿಳಿದೆ.

ನಿಂತಿದ್ದರೆ ಎರಡು ನಿಮಿಷ ಹಿಡಿಯುತ್ತಿತ್ತು.

2013ರ ಮಾರ್ಚ್ 7ಕ್ಕೆ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆ ಗೊತ್ತಾಯಿತು. ನಮ್ಮ ವಾರ್ಡಿಗೆ ಉಪನ್ಯಾಸಕರನ್ನು ವೇದಿಕೆಯ ಪರವಾಗಿ ನಿಲ್ಲಿಸಿದೆವು. ಊರಿಗೆಲ್ಲ ಹಂಚಲು ಒಂದು ಕರಪತ್ರ ಬೇಕಾಯಿತು, ಬರೆದವನು ನಾನೇ. ಎರಡು ಸಾವಿರ ಪ್ರತಿ. ತೆರಿಗೆ ಕಟ್ಟುವವರು ಯಾರು, ಉಣ್ಣುವವರು ಯಾರು ಎಂಬ ಸಾಲು ಮೇಲೆ. ಕೆಳಗೆ ಪಟ್ಟಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: 17ನೇ ವಾರ್ಡಿನಲ್ಲಿ ಆದ ಕೆಲಸ ಶೇ. 22.75, ಪಾವತಿಯಾದ ಬಿಲ್ಲು ಶೇ. 100, ಉಳಿದ ಹಣ ಎಲ್ಲಿ ಹೋಯಿತು? ನಮ್ಮ ಮನೆಯವಳು ಅದನ್ನು ಓದಿ, “ಆ ಹೆಂಗಸನ್ನ ಕೇಳಿದ್ರಾ?” ಎಂದಳು. ದಾಖಲೆ ಇದೆಯಲ್ಲ ಎಂದೆ. ಪೇಪರ್ ಹಾಕುವ ಹುಡುಗರಿಗೆ ದುಡ್ಡು ಕೊಟ್ಟು ಪತ್ರಿಕೆಗಳೊಳಗೆ ಸೇರಿಸಿದೆವು.

ಪತ್ರಿಕೆ ಹೋಗದ 17ನೇ ವಾರ್ಡಿಗೆ ಆ ಕರಪತ್ರವನ್ನು ಬೇರೆಯವರು ಒಯ್ದರು. ಅಲ್ಲಿ ಎದುರಾಳಿಯಾಗಿ ನಿಂತಿದ್ದವನ ಬೆನ್ನಿಗೆ ಒಬ್ಬ ಗುತ್ತಿಗೆದಾರನಿದ್ದ. ಆ ಅಂಕಿಯ ಅರ್ಥ ಅವನಿಗೆ ಚೆನ್ನಾಗಿ ಗೊತ್ತು, ಅದರದ್ದೇ ಟೆಂಡರುಗಳಿಗೆ ಅವನು ಅರ್ಜಿ ಹಾಕುತ್ತಿದ್ದವನು. ನನ್ನ ಕರಪತ್ರದ ಜೆರಾಕ್ಸ್ ಮಾಡಿಸಿ ಮನೆಮನೆಗೂ ಹಂಚಿಸಿದ. ಬ್ಯಾಂಕಿನ ಮೇಷ್ಟ್ರೇ ಲೆಕ್ಕ ಹಾಕಿ ಬರೆದಿದ್ದಾರೆ ಎಂದು ಹೇಳಿಸಿದ. ಕೇಳಿ ನನಗೆ ಒಳಗೊಳಗೇ ಖುಷಿಯಾಗಿತ್ತು. ಮಾರ್ಚ್ 11ರಂದು ಎಣಿಕೆ. ನಮ್ಮ ಉಪನ್ಯಾಸಕರು ಠೇವಣಿ ಕಳೆದುಕೊಂಡರು. 17ನೇ ವಾರ್ಡಿನ ಸದಸ್ಯೆ ಹನ್ನೊಂದು ಮತದಿಂದ ಸೋತರು. ಒಂದಾದರೂ ಫಲ ಸಿಕ್ಕಿತಲ್ಲ ಎಂದು ವೇದಿಕೆಯವರು ಸಮಾಧಾನ ಮಾಡಿಕೊಂಡರು.

ನಾನು ಅಷ್ಟಕ್ಕೆ ಬಿಡಲಿಲ್ಲ. ಲೋಕಾಯುಕ್ತಕ್ಕೆ ದೂರು ಕೊಡೋಣ ಎಂದು ಆ ಚರಂಡಿಯ ಅಳತೆ ಪುಸ್ತಕದ ಪ್ರತಿ ತೆಗೆಸಿಕೊಂಡೆ. ಮೂವತ್ತು ಮೀಟರಿನ ಟೇಪು ಕೊಂಡೆ. ಏಪ್ರಿಲ್ ಮೊದಲ ವಾರ, ಬೆಳಗ್ಗೆ ಹತ್ತರ ಬಿಸಿಲಿಗೆ 17ನೇ ವಾರ್ಡಿಗೆ ಹೋದೆ. ಹುಟ್ಟಿದ ಊರಿನ ಆ ಭಾಗಕ್ಕೆ ನಾನು ಕಾಲಿಟ್ಟಿದ್ದು ಅದೇ ಮೊದಲು. ಕರಪತ್ರದಲ್ಲಿ ಆ ವಾರ್ಡಿನ ಬಗ್ಗೆ ಹನ್ನೆರಡು ಸಾಲು ಬರೆದಿದ್ದೆ.

ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಬೇಕಲ್ಲ. ಬೀದಿಯಲ್ಲಿ ಆಡುತ್ತಿದ್ದ ಹುಡುಗನೊಬ್ಬ ಓಡಿಬಂದ. ಅವನು ಮುಂದೆ, ನಾನು ಹಿಂದೆ. ಮೂವತ್ತು, ಅರವತ್ತು, ತೊಂಬತ್ತು ಎಂದು ಎಣಿಸುತ್ತ ಹೋದೆವು. ಶಾಲೆಗೆ ಹೋಗಿಲ್ಲವೇನೋ ಎಂದರೆ ರಜಾ ಎಂದ. ಅಪ್ಪ ಏನು ಮಾಡುತ್ತಾನೆ ಎಂದರೆ, ಪುರಸಭೆಯಲ್ಲಿ ಕಸ ಎತ್ತುತ್ತಾನೆ, ಗುತ್ತಿಗೆ ಕೆಲಸ, ಮೂರು ತಿಂಗಳಿಂದ ಸಂಬಳ ಬಂದಿಲ್ಲ ಎಂದ. “ಪುರಸಭೇಲಿ ದುಡ್ಡಿಲ್ವಂತೆ.” ಟೇಪು ಎಳೆಯುತ್ತಿದ್ದ ನನ್ನ ಕೈ ಒಂದು ಗಳಿಗೆ ನಿಂತಿತು. ನಮ್ಮೂರಲ್ಲಿ ಗುತ್ತಿಗೆ ಪೌರಕಾರ್ಮಿಕರ ಸಂಬಳ ಹೋಗುತ್ತಿದ್ದುದು ಪುರಸಭೆಯ ಸ್ವಂತ ನಿಧಿಯಿಂದ. ಸ್ವಂತ ನಿಧಿಯೆಂದರೆ ಮುಖ್ಯವಾಗಿ ನಾವು ಕಟ್ಟುವ ಕಂದಾಯ. ಶೇ. 30ನ್ನು ಶೇ. 15ಕ್ಕೆ ಇಳಿಸಿ ಕೇಸರಿಬಾತು ತಿಂದವರು ನಾವು. ಸಂಬಳ ನಿಂತಿದ್ದು ಅದೊಂದರಿಂದಲೇ ಎನ್ನಲಾರೆ. ಅದರಿಂದ ಅಲ್ಲ ಎನ್ನುವ ಧೈರ್ಯವೂ ಅವತ್ತಿನಿಂದ ನನಗಿಲ್ಲ.

ಚರಂಡಿ ಮುಗಿಯುವಲ್ಲಿಗೆ ಬಂದೆವು. ಅಳತೆ ಪುಸ್ತಕ ತೆಗೆದು ನೋಡಿದೆ. ಬಿಲ್ಲಿನಲ್ಲಿದ್ದುದಕ್ಕಿಂತ ಚರಂಡಿ ಏಳು ಮೀಟರ್ ಉದ್ದವಿತ್ತು. ನಾನೇ ತಪ್ಪಿದೆನೇನೋ ಎಂದು ಹುಡುಗನನ್ನು ಮತ್ತೆ ಮೊದಲಿಗೆ ಕಳಿಸಿದೆ. ಎರಡನೇ ಸಲವೂ ಅಷ್ಟೇ. ಕೊನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತು ಅವರೆಕಾಳು ಕೇರುತ್ತಿದ್ದಳು. ಸದಸ್ಯೆ ಗುತ್ತಿಗೆದಾರನ ಹತ್ತಿರ ಜಗಳ ಮಾಡಿ, ಈ ಅಜ್ಜಿಯ ಬಾಗಿಲ ಮುಂದೆ ಕೊಳಚೆ ನಿಲ್ಲಬಾರದೆಂದು ಅಷ್ಟು ದೂರ ಎಳೆಸಿದ್ದರಂತೆ.

“ಎಷ್ಟು ಅಳೀತೀರಿ ಸ್ವಾಮಿ, ಇದು ಇಪ್ಪತ್ತೆರಡು ಮುಕ್ಕಾಲರ ಚರಂಡಿ” ಎಂದಳು ಅಜ್ಜಿ.

ಏನಮ್ಮ ಹಾಗಂದರೆ ಎಂದು ಕೇಳಿದೆ. ಆ ಪ್ರಶ್ನೆಯನ್ನು ನಾನು ಕೇಳಿದ್ದು ಬದುಕಿನಲ್ಲಿ ಅದೇ ಮೊದಲ ಸಲ.

“ನಮ್ಮ ಜನಕ್ಕೆ ಅಂತ ತೆಗೆದಿಡ್ತಾರಲ್ಲ ದುಡ್ಡು, ನೂರಕ್ಕೆ ಇಪ್ಪತ್ತೆರಡು ಮುಕ್ಕಾಲು. ಅದ್ರಾಗೆ ಕಟ್ಟಿದ್ದು. ನೀವು ಪುರಸಭೆಯೋರಲ್ವಾ?”

ಓದಲು ಬಾರದ ಆ ಅಜ್ಜಿ ಹೇಳಿದ್ದು ಸರಿಯಾಗಿತ್ತು. ಪ್ರತಿ ಪುರಸಭೆಯೂ ತನ್ನ ಸ್ವಂತ ಆದಾಯದಲ್ಲೂ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲೂ ಇಂತಿಷ್ಟು ಪಾಲನ್ನು ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಎತ್ತಿಡಬೇಕು. ಆಗ ಅದು ಶೇ. 22.75. ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 3. ಯಾವ ನಿಧಿಯ ಕೆಲಸ ಎಂದು ಗುಮಾಸ್ತ ಷರಾದಲ್ಲಿ ಗುರುತು ಹಾಕಿಟ್ಟಿದ್ದ, ಅಷ್ಟೇ. ಕಚೇರಿಯಲ್ಲಿ, ಗುತ್ತಿಗೆದಾರರಲ್ಲಿ, ಆ ಕೇರಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ನಮ್ಮ ವೇದಿಕೆಯ ಹನ್ನೆರಡು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅದು ಗೊತ್ತಿರಬೇಕಾದ ಮನೆಯಲ್ಲಿ ಹುಟ್ಟಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಬಿಸಿಲಿಗೆ ತಲೆ ಸುತ್ತಿತೋ ಏನೋ, ಕಟ್ಟೆಯ ಮೇಲೆ ಕೂತುಬಿಟ್ಟೆ. ಅಜ್ಜಿ ಒಳಗಿಂದ ನೀರು ತಂದುಕೊಟ್ಟಳು. ನಾನು ಪುರಸಭೆಯವನೆಂಬ ನಂಬಿಕೆ ಅವಳಿಗೆ ಇನ್ನೂ ಹೋಗಿರಲಿಲ್ಲ. “ಬಂದೋರು ಬಂದಿರಿ, ನಮ್ಮದೊಂದು ಕಂದಾಯ ಬರೆಸ್ಕೊಂಡು ಹೋಗಿ” ಎನ್ನುತ್ತ ಪ್ಲಾಸ್ಟಿಕ್ ಕವರೊಂದನ್ನು ತಂದಳು. ಅದರೊಳಗೆ ಅರ್ಜಿಗಳಿದ್ದವು, ಆರು. ಪ್ರತಿಯೊಂದರ ಮೇಲೂ ಪುರಸಭೆಯ ಟಪಾಲು ಮೊಹರು, ಬೇರೆ ಬೇರೆ ವರ್ಷದ್ದು. ಎಲ್ಲದರಲ್ಲೂ ಒಂದೇ ಬೇಡಿಕೆ: ನಮ್ಮ ಮನೆಗೆ ಕಂದಾಯ ಹಾಕಿ, ಕಟ್ಟಿಸಿಕೊಂಡು ರಸೀದಿ ಕೊಡಿ.

ಅವರ ಕೇರಿ ಒಂದು ಕಾಲದ ಹೊಲ. ಮಾಲೀಕ ಭೂಪರಿವರ್ತನೆ ಮಾಡಿಸದೆ ತುಂಡು ತುಂಡಾಗಿ ಮಾರಿದ್ದ. ಕ್ರಯಪತ್ರ ನೋಂದಣಿಯಾಗಿತ್ತು, ದುಡ್ಡು ಕೊಟ್ಟೇ ಕೊಂಡಿದ್ದರು. ಬಡಾವಣೆ ಮಂಜೂರಾಗಿಲ್ಲವೆಂದು ಪುರಸಭೆ ಖಾತೆ ಮಾಡಿಕೊಡುತ್ತಿರಲಿಲ್ಲ. ಖಾತೆ ಇಲ್ಲದ ಮೇಲೆ ಕಂದಾಯ ಕಟ್ಟಿಸಿಕೊಳ್ಳುತ್ತಿರಲಿಲ್ಲ. ಕಂದಾಯದ ರಸೀದಿ ಇಲ್ಲದವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಮೂವತ್ತೊಂದು ವರ್ಷ ಕೌಂಟರಿನ ಈಚೆ ಕೂತು ಅಂಥವರನ್ನು ವಾಪಸು ಕಳಿಸಿದವರಲ್ಲಿ ನಾನೂ ಒಬ್ಬ. ಕಂದಾಯ ಕಮ್ಮಿ ಮಾಡಿ ಎಂದು ನಾವು ಧರಣಿ ಕೂತ ವರ್ಷವೇ ಈ ಅಜ್ಜಿ, ಕಂದಾಯ ಹಾಕಿ ಎಂದು ಐದನೇ ಅರ್ಜಿ ಬರೆಸಿದ್ದಳು. ಅವರನ್ನು ನಾನು ‘ಉಣ್ಣುವವರು’ ಎಂದು ಬರೆದಿದ್ದೆ.

ಅಷ್ಟರಲ್ಲಿ ಒಬ್ಬ ಯುವಕ ಬಂದು ನನ್ನನ್ನು ದಿಟ್ಟಿಸಿ ನೋಡಿದ. “ಕರಪತ್ರದ ಮೇಷ್ಟ್ರಲ್ವಾ?” ಎಂದ. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅಜ್ಜಿ ನನ್ನ ಮುಖ, ಅವನ ಮುಖ ನೋಡಿ, ಅರ್ಜಿಗಳನ್ನು ನನ್ನ ತೊಡೆಯ ಮೇಲಿಂದ ಒಂದೊಂದಾಗಿ ಎತ್ತಿ ಕವರಿನೊಳಗೆ ಇಟ್ಟುಕೊಂಡಳು. ಹುಡುಗ ಟೇಪನ್ನು ಸುತ್ತಿ ನನ್ನ ಕೈಗೆ ಕೊಟ್ಟ. ಆ ಬೀದಿ ದಾಟಿ ಬರುವಾಗ ಎರಡೂ ಬದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು.

ಸದಸ್ಯೆಯ ಮನೆಗೆ ಹೋಗಲು ನನಗೆ ಒಂಬತ್ತು ದಿನ ಬೇಕಾಯಿತು. ಒಂದು ಸಲ ಬಾಗಿಲವರೆಗೂ ಹೋಗಿ ತಿರುಗಿ ಬಂದೆ. ಕೊನೆಗೆ ಹೋದಾಗ ಅವರು ಮೆಷಿನ್ ಮುಂದೆ ರವಿಕೆ ಹೊಲಿಯುತ್ತಿದ್ದರು. ಕೂರಿ ಎಂದರು. ನಾನು ನಿಂತೇ ಹೇಳಿದೆ: ಅಕ್ಕ, ನನ್ನಿಂದ ತಪ್ಪಾಯಿತು, ನನಗೆ ಗೊತ್ತಿರಲಿಲ್ಲ.

“ಗೊತ್ತಿರ್ಲಿಲ್ಲ ಅನ್ನೋದು ಸರಿ ಸಾರ್. ನಾನು ಹೇಳಕ್ಕೆ ಬಂದಿದ್ದೆನಲ್ಲ.”

ಮೆಷಿನ್ ನಿಲ್ಲಿಸಿ, ನೂಲು ಕಡಿದು, ಮತ್ತೆ ಹೇಳಿದರು. “ಸೋತಿದ್ದಕ್ಕೆ ಬೇಜಾರಿಲ್ಲ. ನನ್ನ ಮಗಳಿಗೆ ಶಾಲೇಲಿ ಇಪ್ಪತ್ತೆರಡು ಮುಕ್ಕಾಲು ಅಂತ ಹೆಸರಿಟ್ಟಿದ್ದಾರೆ. ಹೆಸರೆತ್ತಿ ಕರೆಯೋದೇ ಇಲ್ವಂತೆ. ಹಾಜರಿ ಕೂಗುವಾಗಲೂ ಹಿಂದಿನ ಬೆಂಚಿನವರು ಅದನ್ನೇ ಕೂಗ್ತಾರಂತೆ.”

ಆ ಹುಡುಗಿ ಒಳಗಿನ ಬಾಗಿಲ ಪಕ್ಕ ಪುಸ್ತಕ ಹಿಡಿದು ಕೂತಿದ್ದಳು. ಏಳನೆಯದೋ ಎಂಟನೆಯದೋ ಇರಬೇಕು. ತಲೆ ಎತ್ತಲಿಲ್ಲ. ಆ ಕೋಣೆಯಲ್ಲಿ ನಿಂತ ಆ ನಿಮಿಷವನ್ನು ವಿವರಿಸಲು ಇವತ್ತಿಗೂ ನನ್ನಲ್ಲಿ ಮಾತಿಲ್ಲ. ಅಂಕಿಗಳ ನಡುವೆಯೇ ಬದುಕಿದವನು ನಾನು. ಒಂದು ಅಂಕಿ ಒಂದು ಮಗುವಿನ ಮೈಗೆ ಹೀಗೆ ಅಂಟಿಕೊಳ್ಳಬಲ್ಲದು ಎಂದು ಯೋಚಿಸಿದ್ದೇ ಇಲ್ಲ. ಅದರಲ್ಲೂ ಆ ಅಂಕಿಯಲ್ಲಿ ಅವರ ಜಾತಿಯೂ ಇತ್ತು. ಮಕ್ಕಳಿಗೆ ಅದು ಗೊತ್ತಿತ್ತೋ ಇಲ್ಲವೋ, ಅವರ ಅಪ್ಪಂದಿರಿಗೆ ಗೊತ್ತಿತ್ತು.

ಆಕೆ ಕೇಳಿದ್ದು ಒಂದೇ. ತಪ್ಪಾಗಿದೆ ಎಂದು ಇನ್ನೊಂದು ಕರಪತ್ರ ಹಾಕುತ್ತೀರಾ? ಹಾಕುತ್ತೇನೆ ಎಂದೆ.

ವೇದಿಕೆಯ ಸಭೆಯಲ್ಲಿ ಯಾರೂ ಒಪ್ಪಲಿಲ್ಲ. ಚುನಾವಣೆ ಮುಗಿದಿದೆ, ಈಗ ತಪ್ಪೊಪ್ಪಿಕೊಂಡರೆ ವೇದಿಕೆಯ ಮಾತಿಗೆ ಬೆಲೆ ಇರುವುದಿಲ್ಲ ಎಂದರು. ನನ್ನ ಸ್ವಂತ ಹೆಸರಿನಲ್ಲಿ ಹಾಕುತ್ತೇನೆ ಎಂದು ಎದ್ದುಬಂದೆ. ಹಾಗಂದರೂ ಮಾಡಿದ್ದೇನು? ಎರಡು ತಿಂಗಳು ತಳ್ಳಿದೆ. ಕೊನೆಗೆ ಅಚ್ಚು ಹಾಕಿಸಿದ್ದು ಮುನ್ನೂರು ಪ್ರತಿ. ಆರೋಪ ಹೊರಿಸಲು ಎರಡು ಸಾವಿರ, ಹಿಂತೆಗೆದುಕೊಳ್ಳಲು ಮುನ್ನೂರು. ನಮ್ಮ ವಾರ್ಡಿನಲ್ಲೂ ಅವರ ವಾರ್ಡಿನಲ್ಲೂ ಹಂಚಿದೆ, ಶಾಲೆಯ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟುಬಂದೆ. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ನಿಂತು ಹಂಚುವ ಧೈರ್ಯ ಮಾಡಲಿಲ್ಲ. ಮಾಡಬೇಕಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ನೋವು ಕೊಡುವುದು ಮೊದಲ ತಪ್ಪಲ್ಲ, ಈ ಮುನ್ನೂರು.

ವೇದಿಕೆ ತಾನಾಗಿಯೇ ಕರಗಿತು. ಆಕೆ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. 2018ರ ಆಗಸ್ಟ್ ಕೊನೆಗೆ ಮತ್ತೆ ಚುನಾವಣೆ ಬಂದಾಗ ಕೇಳಿ ನೋಡಿದೆ. “ನಂಗೆ ಬೇಡ ಸಾರ್” ಎಂದು ಕೈ ಮುಗಿದರು. ಆ ಸಲ ಗೆದ್ದವರೂ ಅಧ್ಯಕ್ಷರ ಮೀಸಲಾತಿಯ ವ್ಯಾಜ್ಯ ಕೋರ್ಟಿನಲ್ಲಿ ಸಿಕ್ಕಿಕೊಂಡು, ಎರಡು ವರ್ಷ ಅಧಿಕಾರವಿಲ್ಲದೆ ಕೂತರು. ಊರನ್ನು ಆಡಳಿತಾಧಿಕಾರಿ ನಡೆಸಿದ. ಆ ಎರಡು ವರ್ಷದಲ್ಲಿ, ಚರಂಡಿಗಾಗಿ ಗುತ್ತಿಗೆದಾರನೊಡನೆ ಜಗಳ ಮಾಡುವ ಒಬ್ಬ ಸದಸ್ಯೆಯ ಬೆಲೆ ನನಗೆ ಇನ್ನಷ್ಟು ತಿಳಿಯಿತು.

ರಾಜಸ್ಥಾನದ ಆ ಘೋಷಣೆಯನ್ನು ನಾನು ಎಷ್ಟು ಕುರುಡಾಗಿ ಎತ್ತಿಕೊಂಡಿದ್ದೆ ಎಂದು ಆಮೇಲೆ ಓದುತ್ತ ಹೋದಂತೆ ಅರ್ಥವಾಯಿತು. 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಆ ಸಂಘಟನೆಯವರು ಮೊದಲ ಜನಸುನ್ವಾಯಿ (ಸಾರ್ವಜನಿಕ ವಿಚಾರಣೆ) ನಡೆಸಿದಾಗ, ಕೂಲಿಯ ಹಾಜರಿ ಪಟ್ಟಿಗಳನ್ನು ಆ ಕೂಲಿಗಳ ಎದುರೇ ಗಟ್ಟಿಯಾಗಿ ಓದಿದ್ದರು. ಹೆಸರು ಕೂಗಿದಾಗ, ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ ಎಂದು ಎದ್ದು ಹೇಳುವ ಜನ ಮುಂದೆ ಕೂತಿದ್ದರು. ನಾನು ಓದಿದ್ದು ಮಹಡಿಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. 17ನೇ ವಾರ್ಡಿನ ಒಂದು ಬೀದಿಯಲ್ಲಿ ಚಾಪೆ ಹಾಸಿ ಆ ಷರಾವನ್ನು ಜೋರಾಗಿ ಓದಿದ್ದರೆ ಅಜ್ಜಿಯೇ ತಿದ್ದುತ್ತಿದ್ದಳು. ಅವರ ‘ನಮ್ಮ ದುಡ್ಡು’ ಎಂಬ ಮಾತಿನಲ್ಲಿ ಬೆವರು ಸುರಿಸುವ ಎಲ್ಲರೂ ಇದ್ದರು. ನನ್ನ ‘ನಮ್ಮ’ದಲ್ಲಿ ಕಂದಾಯದ ರಸೀದಿ ಫೈಲು ಮಾಡುವವರು ಮಾತ್ರ.

ಆ ಸದಸ್ಯೆಯ ಮೆಷಿನ್ ಪಕ್ಕ ನೂಲಿನ ಉಂಡೆಗಳಿದ್ದ ಡಬ್ಬಿಯೊಂದಿತ್ತು. ಅದನ್ನು ಆಗಾಗ ನೆನೆಯುತ್ತೇನೆ. ಪ್ರತಿ ಉಂಡೆಯ ಮೇಲೂ ಆಗ ವ್ಯಾಟ್, ಈಗ ಜಿಎಸ್‌ಟಿ. ಆ ತೆರಿಗೆ ಬೆಂಗಳೂರಿಗೆ ಹೋಗಿ, ರಾಜ್ಯದ ಖಜಾನೆ ಸೇರಿ, ಹಣಕಾಸು ಆಯೋಗದ ಅನುದಾನವಾಗಿ ಊರೂರಿನ ಪುರಸಭೆಗೆ ಮರಳಿ ಬರುತ್ತದೆ. ಅದಿಲ್ಲದೆ ನಮ್ಮ ಕಂದಾಯವೊಂದರಿಂದ ನಮ್ಮೂರಿನ ಒಂದು ರಸ್ತೆಯೂ ಆಗುತ್ತಿರಲಿಲ್ಲ. ನೂಲು ಕೊಂಡವರಿಗೆ ರಸೀದಿ ಕೊಡುವವರಿಲ್ಲ, ಅವರನ್ನು ತೆರಿಗೆದಾರರೆಂದು ಕರೆಯುವವರೂ ಇಲ್ಲ. ನಾನೂ ಕರೆದಿರಲಿಲ್ಲ.

ಈಗಲೂ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಬಜೆಟ್ಟಿಗೆ ಮುಂಚೆ ಕರೆಯುವ ಸಾರ್ವಜನಿಕ ಸಭೆಗೆ ತಪ್ಪದೆ ಹೋಗುತ್ತೇನೆ. ಪುರಸಭೆಯಲ್ಲಿ ಕಳ್ಳತನ ನಡೆಯುವುದಿಲ್ಲ ಎಂದಲ್ಲ. ಎರಡು ಸಲ ನಿಜವಾದದ್ದನ್ನೇ ಹಿಡಿದಿದ್ದೇವೆ, ಎರಡನ್ನೂ ಮೊದಲು ಹೇಳಿದವರು ಆಯಾ ವಾರ್ಡಿನ ಹೆಂಗಸರು. ಮೀಸಲು ನಿಧಿ ಈಗ ಶೇ. 24.10 ಆಗಿದೆ. ಅದು ಪ್ರತಿ ವರ್ಷ ಪೂರ್ತಿ ಖರ್ಚಾಯಿತೇ, ಎಲ್ಲಿ ಖರ್ಚಾಯಿತು ಎಂಬುದನ್ನು ತೆಗೆಸಿಕೊಂಡು, 17ನೇ ವಾರ್ಡಿನ ಸಮುದಾಯ ಭವನದಲ್ಲಿ ಕೂತು ಓದುತ್ತೇವೆ. ಆ ಹುಡುಗಿ ಈಗ ನರ್ಸಿಂಗ್ ಮುಗಿಸಿ ಬೇರೆ ಊರಿನಲ್ಲಿದ್ದಾಳೆ. ಅವಳೊಂದಿಗೆ ಮಾತಾಡುವ ಅವಕಾಶ ನನಗೆ ಬರಲಿಲ್ಲ. ನಾನಾಗಿ ಕೇಳುವುದೂ ಸರಿಯಲ್ಲ.

2025ರ ಫೆಬ್ರವರಿಯಲ್ಲಿ, ಅನುಮೋದನೆಯಿಲ್ಲದ ಬಡಾವಣೆಗಳ ಮನೆಗಳಿಗೂ ಬಿ-ಖಾತೆ ಕೊಡುವ ಅಭಿಯಾನವನ್ನು ಸರ್ಕಾರ ಶುರುಮಾಡಿತು. ಮೊದಲ ವರ್ಷ ದುಪ್ಪಟ್ಟು ಕಂದಾಯ ಕಟ್ಟಬೇಕಿತ್ತು. ನಮ್ಮ ಪುರಸಭೆಯ ಮುಂದೆ ಬೆಳಗ್ಗೆ ಎಂಟಕ್ಕೇ ಸಾಲು. ಅರ್ಜಿ ಬರೆದುಕೊಡಲು ನಾನೂ ಒಂದು ಬೆಂಚಿನ ಮೇಲೆ ಕೂರುತ್ತಿದ್ದೆ. ಒಂದು ದಿನ ಒಬ್ಬ ಹೆಂಗಸು ಬಂದು ನನ್ನ ಮುಂದೆ ಪ್ಲಾಸ್ಟಿಕ್ ಕವರೊಂದನ್ನು ಇಟ್ಟಳು. ಒಳಗೆ ಮೊಹರು ಬಿದ್ದ ಹಳೆಯ ಅರ್ಜಿಗಳು, ಆರಲ್ಲ, ಒಂಬತ್ತು. ಅಜ್ಜಿ ತೀರಿಕೊಂಡು ಐದು ವರ್ಷವಾಗಿತ್ತು. ಇವಳು ಸೊಸೆ.

ಅರ್ಜಿ ತುಂಬಿಕೊಟ್ಟೆ. ಕಂದಾಯ ಕಟ್ಟುವ ದಿನ ಕೌಂಟರಿನವರೆಗೂ ಜೊತೆಗೆ ಹೋದೆ. ದುಪ್ಪಟ್ಟು ದುಡ್ಡನ್ನು ಎರಡು ಸಲ ಎಣಿಸಿ ಕೊಟ್ಟಳು. ರಸೀದಿ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿ, “ಏನೇನು ಬರೆದೈತೆ, ಓದಿ ಹೇಳಿ ಸಾರ್” ಎಂದಳು.

ಓದಿದೆ. ಆಸ್ತಿ ತೆರಿಗೆ ಇಷ್ಟು, ಆರೋಗ್ಯ ಕರ ಇಷ್ಟು, ಗ್ರಂಥಾಲಯ ಕರ ಇಷ್ಟು.

“ಗ್ರಂಥಾಲಯ ಅಂದ್ರೆ?”

“ಪುಸ್ತಕ ಓದೋ ಜಾಗ. ಲೈಬ್ರರಿ.”

“ಅದಕ್ಕೂ ನಾವು ಕಟ್ಟಿದೀವಾ?” ಎಂದಳು. ರಸೀದಿಯನ್ನು ಅತ್ತೆಯ ಅರ್ಜಿಗಳ ಮೇಲಿಟ್ಟು, ಕವರಿನ ಬಾಯಿ ಮಡಿಸುತ್ತ, “ಎಲ್ಲೈತೆ ಸಾರ್ ಅದು? ನನ್ನ ಮಗಳು ಎಸ್ಸೆಸ್ಸೆಲ್ಸಿ. ಮನೇಲಿ ಓದಕ್ಕೆ ಜಾಗ ಇಲ್ಲ” ಎಂದಳು.

ಬಸ್ ನಿಲ್ದಾಣದ ಹಿಂದೆ ಎಂದೆ. ಬಾಗಿಲು ಎಷ್ಟು ಗಂಟೆಗೆ ತೆಗೆಯುತ್ತಾರೆ ಎಂದು ಕೇಳಿದಳು. ನನಗೆ ಸರಿಯಾಗಿ ಗೊತ್ತಿರಲಿಲ್ಲ. ಹೋಗಿ ಕೇಳೋಣ ಬಾಮ್ಮ ಎಂದು ಇಬ್ಬರೂ ಆ ಕಡೆ ಹೊರಟೆವು.